ಪದಚರ್ಚೆ: ‘ಸರ್ಕಾರಿ ಸಾಲ’ – ಕೊಟ್ಟದ್ದೋ, ತಂದದ್ದೋ? (ಒಂದು ಪ್ರಶ್ನೆ, ಇಬ್ಬರ ಉತ್ತರಗಳು)

ಮಾನ್ಯರೇ,

ರಾಜ್ಯದ ಆಯವ್ಯಯವನ್ನು ಊರಿನವರಿಗೆ ತಿಳಿಸುವ ಒಂದು ಭಿತ್ತಿಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ; ನಾಳೆ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. 2025-26ರ ಕರ್ನಾಟಕದ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ, ‘ಸರ್ಕಾರಿ ಸಾಲ’ 1,16,000 ಕೋಟಿ ಎಂದು ಬರೆದಿದ್ದೆ. ಕರಡನ್ನು ಓದಿದ ನಮ್ಮ ಅತ್ತೆಯವರು, ‘ಇಷ್ಟೊಂದು ಸಾಲವನ್ನು ಸರ್ಕಾರ ಯಾರಿಗೆ ಕೊಟ್ಟಿತು?’ ಎಂದು ಕೇಳಿದರು. ನಾನು ಹೇಳಹೊರಟದ್ದು ಸರ್ಕಾರ ತಾನೇ ತರುವ ಸಾಲ. ಈ ಗೊಂದಲಕ್ಕೆ ಎಡೆಯಿಲ್ಲದ ಪದ ಬೇಕು. ‘ವೇಸ್ಟ್‌ಫುಲ್ ಎಕ್ಸ್‌ಪೆಂಡಿಚರ್’ಗೆ ‘ದುಂದುವೆಚ್ಚ’ ಎಂದೂ ‘ಆಫ್-ಬಜೆಟ್ ಬಾರೋಯಿಂಗ್’ಗೆ (ಬಜೆಟ್ಟಿನ ಲೆಕ್ಕದಲ್ಲಿ ತೋರಿಸದ ಸಾಲ) ‘ಆಯವ್ಯಯೇತರ ಸಾಲ’ ಎಂದೂ ಹಾಕಿದ್ದೇನೆ. ಅವು ಸರಿಯೇ?

*

‘ಎರವಲು’ ಎಂಬ ಅಚ್ಚಗನ್ನಡ ಪದವಿರುವಾಗ ಇಷ್ಟು ತಲೆಬಿಸಿ ಏಕೆಂದು ತಿಳಿಯದು. ‘ಸಾಲ’ ಎಂಬುದು ‘ಸಾಲದು’ ಎಂಬುದರಿಂದ ಹುಟ್ಟಿರಬೇಕೆಂದು ನನ್ನ ಊಹೆ. ಇದ್ದದ್ದು ಸಾಲದಾದಾಗ ತರುವುದು ಸಾಲ. ‘ಆಯವ್ಯಯ’ವನ್ನಂತೂ ಮೊದಲು ಕಿತ್ತುಹಾಕಿ. ಸಂಸ್ಕೃತದ ಮೂಟೆ ಹೊತ್ತ ಭಿತ್ತಿಪತ್ರವನ್ನು ಊರಿನಲ್ಲಿ ಯಾರೂ ಓದುವುದಿಲ್ಲ.

*

‘ಎರವಲು’ ಸಲ್ಲದು. ಎರವಲು ತಂದ ವಸ್ತುವನ್ನೇ ಹಿಂದಿರುಗಿಸಬೇಕು: ಮದುವೆಗೆಂದು ತಂದ ಸರ, ಓದಲೆಂದು ತಂದ ಪುಸ್ತಕ. ನೆರೆಮನೆಯಿಂದ ಒಂದು ಲೋಟ ಸಕ್ಕರೆ ತಂದು ಬಳಸಿ, ಆಮೇಲೆ ಬೇರೆ ಸಕ್ಕರೆಯನ್ನು ಅಳೆದು ಕೊಟ್ಟರೆ ಅದು ‘ಕಡ’. ‘ಕೈಗಡ’ದಲ್ಲಿ ಇರುವುದೂ ಅದೇ, ತಮಿಳಿನ ‘ಕಡನ್’ ಅದರ ಒಡಹುಟ್ಟು. ಬಡ್ಡಿ, ಪತ್ರ, ವಾಯಿದೆಗಳು ಬಂದು ಕೂತ ಮೇಲೆ ಅದು ಸಾಲವೇ. ರಿಸರ್ವ್ ಬ್ಯಾಂಕು ನಡೆಸುವ ಹರಾಜಿನಲ್ಲಿ ರಾಜ್ಯವು ಸಾಲಪತ್ರಗಳನ್ನು ಮಾರಿ ತರುವ ಹಣವನ್ನು ಎರವಲು ಎಂದರೆ, ಸರದ ಹಾಗೆ ಅದನ್ನೂ ಒರೆಸಿ ಹಿಂದಿರುಗಿಸುತ್ತಾರೆಂದು ಓದುಗರು ತಿಳಿದಾರು. ‘ಸಾಲದು’ವಿನ ನಿರುಕ್ತಿ ಕೇಳಲು ಚೆನ್ನಾಗಿದೆ, ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ತೊಡಕಿರುವುದು ‘ಸಾಲ’ಕ್ಕೆ ದಿಕ್ಕಿಲ್ಲ ಎಂಬಲ್ಲಿ. ‘ಸಾಲಗಾರರ ಕಾಟ’ ಎಂದಾಗ ಸಾಲಗಾರ ಕೊಟ್ಟವನು, ‘ಬ್ಯಾಂಕಿನ ಸಾಲಗಾರರು’ ಎಂದಾಗ ತಂದವನು. ದಿಕ್ಕನ್ನು ತೋರಿಸುವುದು ಕ್ರಿಯಾಪದದ ಕೆಲಸ. ‘ಸರ್ಕಾರಿ ಸಾಲ’ ಎಂಬ ಸಮಾಸದಲ್ಲಿ ಅದು ಬಿದ್ದುಹೋಗಿದೆ. ಜೊತೆಗೆ, ಸರ್ಕಾರಿ ಬಸ್ಸು, ಸರ್ಕಾರಿ ಆಸ್ಪತ್ರೆ ಎಂಬಂತೆ ‘ಸರ್ಕಾರಿ’ ಎಂದರೆ ಸರ್ಕಾರ ಜನರಿಗೆ ಒದಗಿಸುವುದು ಎಂಬ ಅರ್ಥವೇ ಬೇಗ ಹೊಳೆಯುತ್ತದೆ. ನಿಮ್ಮ ಅತ್ತೆಯವರು ಓದಿದ್ದು ಸರಿ, ನೀವು ಬರೆದದ್ದು ತಪ್ಪು. ‘ಸರ್ಕಾರ ಎತ್ತುವ ಸಾಲ’ ಎನ್ನಿ. ನಾಮಪದವೇ ಬೇಕಿದ್ದರೆ ‘ಸಾಲ ಎತ್ತುವಳಿ’ ಇದೆ, ‘ಸಾಲ ತೀರುವಳಿ’ಗೆ ಅದು ಒಳ್ಳೆಯ ಜೋಡಿ.

‘ದುಂದುವೆಚ್ಚ’ದಲ್ಲಿ ಖರ್ಚು ಮಾಡುವವನ ಧಾರಾಳದ ಕೈ ಕಾಣುತ್ತದೆ. ಸಮಾರಂಭದ ಹೂವಿನ ತೋರಣಕ್ಕೆ ಅದು ಒಪ್ಪುತ್ತದೆ. ಯಂತ್ರವನ್ನು ನ್ಯಾಯವಾದ ಬೆಲೆಗೇ ಕೊಂಡು, ವಿದ್ಯುತ್ ಸಂಪರ್ಕವಿಲ್ಲದೆ ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ ಅಲ್ಲಿ ದುಂದಿಲ್ಲ, ಫಲವೂ ಇಲ್ಲ. ಅದು ‘ನಿಷ್ಫಲ ವೆಚ್ಚ’. ಸರ್ಕಾರದ ಲೆಕ್ಕಗಳನ್ನು ಪರಿಶೋಧಿಸುವ ಸಿಎಜಿಯ ವರದಿಗಳು ಇಂಥದ್ದನ್ನೂ ತಪ್ಪಿಸಬಹುದಾಗಿದ್ದ ವೆಚ್ಚವನ್ನೂ ಬೇರೆ ಬೇರೆಯಾಗಿಯೇ ಹೇಳುತ್ತವೆ. ಎರಡಕ್ಕೂ ಒಂದೇ ಪದ ಸಾಕೆಂದರೆ ‘ತೆರಿಗೆ ಹಣದ ಪೋಲು’ ಎಂದು ಬರೆಯಿರಿ. ನಲ್ಲಿಯ ನೀರು ಪೋಲಾಗುವುದನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

‘ಆಯವ್ಯಯೇತರ ಸಾಲ’ವನ್ನು ನಾನು ಬಳಸಲಾರೆ, ಸಂಸ್ಕೃತವೆಂಬ ಕಾರಣಕ್ಕಲ್ಲ, ಸುಳ್ಳೆಂಬ ಕಾರಣಕ್ಕೆ. ಸರ್ಕಾರದ ನಿಗಮವೊಂದು ತನ್ನ ಹೆಸರಿನಲ್ಲಿ ಎತ್ತಿದ ಸಾಲದ ಅಸಲು ಬಡ್ಡಿಗಳನ್ನು ಕೊನೆಗೆ ತೀರಿಸುವುದು ಆಯವ್ಯಯದಿಂದಲೇ. ಸರ್ಕಾರದ ಸಾಲ, ಕೊರತೆಗಳಿಗೆ ಮಿತಿ ಹಾಕುವ ನಮ್ಮ ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಅಂಥ ಸಾಲವನ್ನೂ ರಾಜ್ಯದ ಒಟ್ಟು ಹೊಣೆಯಲ್ಲಿ ಸೇರಿಸಿದ್ದು ಅದಕ್ಕಾಗಿಯೇ. ‘ನಿಗಮಗಳ ಹೆಸರಿನಲ್ಲಿ ಸರ್ಕಾರ ಎತ್ತುವ ಸಾಲ’ ಎಂದರೆ ಸಾಲು ಉದ್ದವಾಗುತ್ತದೆ, ಆದರೆ ತೀರಿಸುವವರು ಯಾರೆಂಬುದು ಮರೆಯಾಗುವುದಿಲ್ಲ.

ಇನ್ನು ಅಚ್ಚಗನ್ನಡದ ಮಾತು. ‘ವ್ಯಯ’ ಬೇಡವೆನ್ನುವವರು ಅದರ ತದ್ಭವವಾದ ‘ಬೀಯ’ವನ್ನು ಬಳಕೆಗೆ ತರುತ್ತಾರೆಯೇ? ‘ಸರ್ಕಾರ’ ಪಾರಸಿಯದು. ‘ತೆರಿಗೆದಾರ’ದಲ್ಲಿ ‘ತೆರು’ ನಮ್ಮದು, ‘ದಾರ’ ಪಾರಸಿಯದು. ಈ ಪದಗಳನ್ನು ತಂದವರು ಯಾರೂ ಹಿಂದಿರುಗಿಸಲಿಲ್ಲ, ಕೊಟ್ಟವರು ಯಾರೂ ಕೇಳಲು ಬರಲಿಲ್ಲ. ಹಾಗಾಗಿ ‘ಎರವಲು ಪದ’ ಎಂಬ ಪರಿಭಾಷೆಯ ಮೇಲೂ ನನಗೆ ತಕರಾರಿದೆ. ಅದನ್ನು ಬೇರೆ ಓಲೆಯಲ್ಲಿ ಬರೆಯುತ್ತೇನೆ. ‘ಆಯವ್ಯಯ’ ವಿಧಾನಸಭೆಯಲ್ಲಿ ವರ್ಷವರ್ಷವೂ ಓದುವ ಭಾಷಣದ ಹೆಸರು, ಅದು ಇರಲಿ. ಮೊದಲ ಬಾರಿ ಬರುವಲ್ಲಿ ‘ಬಜೆಟ್’ ಎಂದೂ ಪಕ್ಕದಲ್ಲಿ ಹಾಕಿ.