ಸಹಾಯ ಬೇಕು: ಸೂಜಿ ಚುಚ್ಚಿದ್ದನ್ನು ಸಿಬ್ಬಂದಿ ಮುಚ್ಚಿಡದಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಚೇರ್‌ಗಳ ಡೆಂಟಲ್ ಕ್ಲಿನಿಕ್, ಮೂವರು ಅಸಿಸ್ಟೆಂಟ್‌ಗಳು. ಬೈಸಿಕೊಳ್ಳಬೇಕಾಗುತ್ತದೆಂದು ರೋಗಿಗೆ ಬಳಸಿದ ಸೂಜಿ ಚುಚ್ಚಿದ್ದನ್ನು ಹೇಳದಿರುವುದೇ ದೊಡ್ಡ ಅಪಾಯ. ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿಗೆ ಲಸಿಕೆ (0, 1, 6ನೇ ತಿಂಗಳು) ಕ್ಲಿನಿಕ್ ಖರ್ಚಿನಲ್ಲೇ ಕೊಡಿಸುತ್ತೇವೆ, ಅದು ಸಿಬ್ಬಂದಿಯ ಹಕ್ಕು.

ಮರಗಟ್ಟಿಸುವ ಇಂಜೆಕ್ಷನ್ ಆದಮೇಲೆ ಎರಡೂ ಕೈಯಿಂದ ಕ್ಯಾಪ್ ಹಾಕುವಾಗ ಚುಚ್ಚುತ್ತದೆ. ಕ್ಯಾಪನ್ನು ಟ್ರೇ ಮೇಲಿಟ್ಟು ಒಂದೇ ಕೈಯಲ್ಲಿ ಸೂಜಿ ತೂರಿಸಬೇಕು. ಬಳಸಿದ ಡಾಕ್ಟರೇ ಸೂಜಿ ವಿಲೇವಾರಿ ಮಾಡಬೇಕೆಂಬ ನಿಯಮ ತಂದಿದ್ದೇವೆ.

ನಮಗೆ ದಾರಿ ತೋಚದಿರುವುದು ಸೂಜಿ ಚುಚ್ಚಿದ್ದನ್ನು ಬರೆದಿಡುವ ರಿಜಿಸ್ಟರ್ ವಿಷಯದಲ್ಲಿ: ಹೆಸರು ಬರೆಸಿದರೆ ಹೆದರುತ್ತಾರೆ, ಬಿಟ್ಟರೆ ರಕ್ತಪರೀಕ್ಷೆಯ ಫಾಲೋಅಪ್ ತಪ್ಪುತ್ತದೆ. ನಿಮ್ಮಲ್ಲಿ ಹೇಗೆ ನಡೆಸುತ್ತೀರಿ? ಕನ್ನಡದಲ್ಲಿ ನಮೂನೆ ಇದ್ದರೆ ದಯವಿಟ್ಟು ಹಾಕಿ.