ಹದಿನೆಂಟನೆಯ ಉಗುರು

ಮಾಳಮಡ್ಡಿಯಲ್ಲಿರುವ ವಕೀಲರ ಮನೆಯ ಪಡಸಾಲೆಯಲ್ಲಿ ಪ್ರತಿ ರವಿವಾರ ಸಂಜೆ ನಾವು ನಾಲ್ಕು ಮಂದಿ ಸೇರುವ ಪದ್ಧತಿ ಇಪ್ಪತ್ತು ವರ್ಷಗಳಿಂದ ನಡೆದುಬಂದಿದೆ. ಇಷ್ಟು ವರ್ಷಗಳಲ್ಲಿ ನಾವು ಚರ್ಚಿಸದೆ ಬಿಟ್ಟ ವಿಷಯ ಲೋಕದಲ್ಲಿ ಉಳಿದಿಲ್ಲ. ನಮ್ಮಿಂದ ಬಗೆಹರಿದ ವಿಷಯವೂ ಒಂದಿಲ್ಲ. ಆದರೆ ಕಳೆದ ಕಾರ್ತಿಕದಿಂದ ಒಂದೂವರೆ ತಿಂಗಳು ಆ ಪಡಸಾಲೆಯಲ್ಲಿ ರಾಜಕೀಯ, ಮಳೆ, ಮೊಣಕಾಲು ನೋವು ಯಾವುದೂ ಸುಳಿಯಲಿಲ್ಲ. ಮಾತೆಲ್ಲ ಒಂದು ಬೆಕ್ಕಿನ ಸುತ್ತ ನಡೆಯಿತು. ನಡೆದದ್ದು ಅಪ್ಪಟ ಧಾರವಾಡದ ಆಡುಮಾತಿನಲ್ಲಿ. ಅದನ್ನು ಹಾಗೆಯೇ ಬರೆದರೆ ನಮ್ಮ ನಿವೃತ್ತ ಮಾಸ್ತರರು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಾರೆಂಬ ಅಂಜಿಕೆಯಿಂದ ಗ್ರಂಥಸ್ಥ ಕನ್ನಡಕ್ಕೆ ತಂದಿದ್ದೇನೆ.

ವಕೀಲರ ಮಗಳು ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾಳೆ. ಅವಳು ಪರ್ಷಿಯನ್ ತಳಿಯ ಹೆಣ್ಣು ಮರಿಯೊಂದನ್ನು ಕೊಂಡು, ಡಿಸೆಂಬರ್ ಕೊನೆಗೆ ಅಲ್ಲಿಯೇ ನಡೆಯುವ ಬೆಕ್ಕಿನ ಪ್ರದರ್ಶನಕ್ಕೆ ಅದರ ಹೆಸರನ್ನು ನೋಂದಾಯಿಸಿ, ಅಷ್ಟರಲ್ಲಿ ಕಚೇರಿಯವರು ಪರದೇಶಕ್ಕೆ ಕಳಿಸಿದ್ದರಿಂದ ಮರಿಯನ್ನೂ ಅದರ ತಯಾರಿಯ ಭಾರವನ್ನೂ ತಂದೆಯ ಮಡಿಲಿಗೆ ಹಾಕಿ ಹೋದಳು. ಮರಿಯ ಬಣ್ಣ ಕಾಗದದಲ್ಲಿ 'ಕ್ರೀಮ್' ಎಂದಿದೆ. ನಮ್ಮ ವೈನಿಯವರು, ಎಂದರೆ ವಕೀಲರ ಪತ್ನಿ, ಅದನ್ನು ಒಮ್ಮೆ ನೋಡಿ, ಸಕ್ಕರೆಯಲ್ಲಿ ಹೊರಳಿಸಿದ ಹಾಗಿದೆ ಎಂದು 'ಪೇಡಾ' ಎಂಬ ಹೆಸರಿಟ್ಟರು.

"ಬೆಕ್ಕಿಗೂ ಪ್ರದರ್ಶನವೇ? ಏನು, ಇಲಿ ಹಿಡಿಯುವ ಪಂದ್ಯವೇ?" ಎಂದು ಮೊದಲ ದಿನ ಕೇಳಿದವರು ಗೌಡರು. ಹೆಬ್ಬಳ್ಳಿಯ ಕಡೆ ಹೊಲವುಳ್ಳ ಗೌಡರಿಗೆ ಪ್ರದರ್ಶನವೆಂದರೆ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ, ಅಲ್ಲಿ ಕೋಡಿಗೆ ಬಣ್ಣ ಬಳಿದುಕೊಂಡು ನಿಲ್ಲುವ ಕಿಲಾರಿ ಹೋರಿ.

"ಈ ಬೆಕ್ಕು ಇಲಿಯನ್ನು ಕಂಡರೆ ಎದ್ದು ಜಾಗ ಬಿಟ್ಟುಕೊಡುತ್ತದೆ, ಗೌಡರೇ," ಎಂದು ವಕೀಲರು ಒಪ್ಪಿಕೊಂಡು, ಮಗಳು ಕೊಟ್ಟುಹೋದ ವಂಶಾವಳಿಯ ಪತ್ರವನ್ನು ಟೀಪಾಯಿಯ ಮೇಲೆ ಹರವಿದರು. ತಂದೆ, ತಾಯಿ, ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿ ಎಲ್ಲರ ಹೆಸರು, ಬಣ್ಣ, ನೋಂದಣಿ ಸಂಖ್ಯೆ ಅದರಲ್ಲಿ ಇದ್ದವು. ಪ್ರತಿ ಹೆಸರಿನ ಮುಂದೆಯೂ ಅದನ್ನು ಬೆಳೆಸಿದ ಮನೆತನದ ಹೆಸರು ಇತ್ತು. ಮಾಸ್ತರರು ಕನ್ನಡಕ ಏರಿಸಿ ಓದಿದರು. "ಶ್ರಾದ್ಧದ ದಿನ ಭಟ್ಟರು ಮೂರು ತಲೆಮಾರು ಕೇಳಿದರೆ ನಾನು ಎರಡನೆಯದಕ್ಕೇ ತಡವರಿಸುತ್ತೇನೆ. ಈ ಬೆಕ್ಕಿಗೆ ಭಟ್ಟರ ಗರಜೇ ಇಲ್ಲ," ಎಂದರು.

ಗೌಡರಿಗೆ ಇದು ತುಸು ನಾಟಿತು. "ತಳಿ ಎಂಬುದು ಪರ್ಷಿಯಾದವರ ಸ್ವತ್ತೇನಲ್ಲ. ನಮ್ಮ ಧಾರವಾಡಿ ಎಮ್ಮೆಯನ್ನು 2021ರಲ್ಲಿ ಪ್ರತ್ಯೇಕ ತಳಿಯೆಂದು ದೇಶದ ಪಟ್ಟಿಗೆ ಸೇರಿಸಿದ್ದಾರೆ. ಅದರ ಹಾಲಿನಿಂದ ಪೇಡಾ ಆಗಬೇಕು, ಹೆಸರು ಮಾತ್ರ ಈ ಬೆಕ್ಕಿಗೆ ಹೋಗಬೇಕೇ?" ಎಂದು ಹೇಳಿ, ಮರುವಾರ ಎಮ್ಮೆಯ ತಳಿಗೌರವಕ್ಕಾಗಿ ಒಂದು ಚರಿಗೆ ಗಟ್ಟಿ ಹಾಲನ್ನೇ ತಂದು ಬೆಕ್ಕಿನ ಮುಂದಿಟ್ಟರು. ಹಾಲು ಬಿಟ್ಟು ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಂದಿರುತ್ತದೆಂಬುದು ನಮಗೆ ಆ ರಾತ್ರಿ ತಿಳಿಯಿತು. ಅಷ್ಟುದ್ದ ಕೂದಲಿನ ಪ್ರಾಣಿಗೆ ಹೊಟ್ಟೆ ಸಡಿಲಾದರೆ ಹಿಂಗಾಲುಗಳ ಸ್ಥಿತಿ ಏನಾಗುತ್ತದೆ ಎಂಬುದನ್ನು ಸಭ್ಯ ಬರವಣಿಗೆಯಲ್ಲಿ ವಿವರಿಸಲಾಗದು. ಅದನ್ನು ತೊಳೆದ ವೈನಿಯವರು ಒಂದು ವಾರ ಗೌಡರಿಗೆ ಚಹಾ ಕೊಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಮಾಸ್ತರರಾದರೋ ಇತಿಹಾಸದಿಂದಲೇ ಆರಂಭಿಸುವವರು. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ಇಂಥ ಪ್ರದರ್ಶನವನ್ನು ಏರ್ಪಡಿಸಿದ್ದನೆಂದೂ, ಯಾವ ಬೆಕ್ಕಿಗೆ ಯಾವ ಲಕ್ಷಣ ಇರಬೇಕೆಂಬುದನ್ನು ಬರೆದಿಟ್ಟವನೂ ಅವನೇ ಎಂದೂ ಹೇಳಿದರು. ಅವರಿಗೆ ನಿಜವಾದ ಹುರುಪು ಬಂದದ್ದು ಅಂಕಗಳ ಪಟ್ಟಿ ಸಿಕ್ಕಾಗ. ಅಮೆರಿಕದ ಸಿ.ಎಫ್.ಎ. ಎಂಬ ಬೆಕ್ಕುಗಳ ಸಂಸ್ಥೆ ಪರ್ಷಿಯನ್ ತಳಿಗೆ ನೂರು ಅಂಕಗಳನ್ನು ಹೀಗೆ ಹಂಚಿದೆ: ತಲೆಗೆ 30, ಮೈಕಟ್ಟಿಗೆ 20, ಬಣ್ಣಕ್ಕೆ 20, ತುಪ್ಪಳಕ್ಕೆ 10, ಕಣ್ಣಿನ ಬಣ್ಣಕ್ಕೆ 10, ಅಂಗಾಂಗಗಳ ಹೊಂದಾಣಿಕೆಗೆ 5, ನಯಕ್ಕೆ 5. ಬೇರೆ ಸಂಸ್ಥೆಗಳ ಲೆಕ್ಕ ಬೇರೆ ಇರುತ್ತದೆಯಾದರೂ ಮಾಸ್ತರರು ಇದನ್ನೇ ಗಂಟು ಹಾಕಿಕೊಂಡರು.

"ಒಂದು ಬೆಕ್ಕನ್ನು ಇನ್ನೊಂದರ ಜೊತೆ ಜಗಳಕ್ಕೆ ಹಚ್ಚುವುದಿಲ್ಲ, ಗೌಡರೇ. ಪ್ರತಿಯೊಂದನ್ನೂ ಬರೆದಿಟ್ಟ ಲಕ್ಷಣದ ಜೊತೆ ತಾಳೆ ನೋಡುತ್ತಾರೆ. ಇದು ಕುಸ್ತಿಯಲ್ಲ, ಪರೀಕ್ಷೆ."

"ಸ್ವಭಾವಕ್ಕೆ ಎಷ್ಟು ಅಂಕ?" ಎಂದು ನಾನು ಕೇಳಿದೆ.

"ಈ ಪಟ್ಟಿಯಲ್ಲಿ ಒಂದೂ ಇಲ್ಲ. ಆದರೆ ಪರೀಕ್ಷಕರನ್ನು ಕಚ್ಚಿದರೆ ನೂರಕ್ಕೆ ನೂರೂ ಹೋಗುತ್ತದೆ."

ಮುಖದ ವಿಷಯಕ್ಕೆ ಬಂದಾಗ ವಕೀಲರು ಪೇಟೆಯ ಭಾಷೆಯನ್ನು ಪರಿಚಯಿಸಿದರು. ನಮ್ಮ ದೇಶದಲ್ಲಿ ಮರಿ ಮಾರುವವರು ಪರ್ಷಿಯನ್ ಬೆಕ್ಕನ್ನು ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಎಂದು ವಿಂಗಡಿಸುತ್ತಾರೆ. ಮೂಗು ಒಳಗೆ ಹೋದಷ್ಟೂ ಬೆಲೆ ಹೊರಗೆ ಬರುತ್ತದೆ. ಗೌಡರು ಪೇಡಾಳ ಮುಖವನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಪರಿಶೀಲಿಸಿ, "ಪಂಚ್ ಎಂದರೆ ಊರ ಪಂಚರೆಲ್ಲ ಕೂಡಿ ಒಂದೊಂದು ಗುದ್ದು ಕೊಟ್ಟ ಮುಖವೇ?" ಎಂದರು. ನಾವು ನಕ್ಕೆವು. ಆದರೆ ಮೂಗು ಹೀಗೆ ಒತ್ತಿಕೊಂಡಾಗ ಕಣ್ಣೀರು ಇಳಿಯುವ ದಾರಿ ಸೊಟ್ಟಗಾಗಿ ನೀರು ಕೆನ್ನೆಯ ಮೇಲೆಯೇ ಹರಿದು ಕಂದು ಕಲೆಯಾಗುವುದರಿಂದ, ದಿನಾಲು ಬೆಳಿಗ್ಗೆ ಒದ್ದೆ ಹತ್ತಿಯಿಂದ ಆ ಮೂಲೆಯನ್ನು ಒರೆಸುವ ಕೆಲಸ ವೈನಿಯವರಿಗೆ ತಪ್ಪಲಿಲ್ಲ. ಉಸಿರಾಟಕ್ಕೇ ತ್ರಾಸಾಗುವಷ್ಟು ಮೂಗು ತಗ್ಗಿಸಿ ಅದನ್ನು ಅಂದವೆಂದು ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಪೇಡಾ 'ಸೆಮಿ'ಯಲ್ಲಿಯೇ ನಿಂತದ್ದು ಅವಳ ಪುಣ್ಯ.

ಲಸಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ನಮ್ಮ ಕೈವಾಡವಿರಲಿಲ್ಲ, ಆದ್ದರಿಂದ ಏನೂ ತಪ್ಪಲಿಲ್ಲ. ಪಶುವೈದ್ಯರು ಲಸಿಕೆಯ ಪುಸ್ತಕ ನೋಡಿ, ಕಿವಿಯಲ್ಲಿ ನುಸಿ, ಮೈಮೇಲೆ ಚಿಗಟ, ಚರ್ಮದಲ್ಲಿ ಗಜಕರ್ಣ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಗಜಕರ್ಣ ಹತ್ತಿದ ಒಂದು ಬೆಕ್ಕು ಸಭಾಂಗಣಕ್ಕೆ ಬಂದರೆ ಉಳಿದವಕ್ಕೂ ಅದು ಪ್ರಸಾದದಂತೆ ಹಂಚಿಹೋಗುತ್ತದೆ.

ನಮ್ಮ ಕೈವಾಡ ಪೂರ್ಣವಾಗಿ ಇದ್ದದ್ದು ಸ್ನಾನದಲ್ಲಿ. ಶೀಗೇಕಾಯಿಗೆ ಮಿಗಿಲಾದುದಿಲ್ಲವೆಂದು ಮಾಸ್ತರರೂ, ನೀರಿಗೆ ಒಂದು ಮುಚ್ಚಳ ಡೆಟಾಲ್ ಬೆರೆಸಿದರೆ ಹುಳಹುಪ್ಪಟೆ ಸುಳಿಯುವುದಿಲ್ಲವೆಂದು ಗೌಡರೂ ಹೇಳಿದರು. ಪಶುವೈದ್ಯರಿಗೆ ವೈನಿಯವರು ಫೋನು ಮಾಡಿ ಕೇಳಿದ್ದು ಒಳ್ಳೆಯದಾಯಿತು. ಫೀನಾಲಿನ ಜಾತಿಯ ವಸ್ತುಗಳನ್ನು ಮುರಿದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಮೈಗೆ ಹತ್ತಿದ್ದನ್ನು ಅದು ನೆಕ್ಕಿ ನುಂಗುವುದರಿಂದ ಡೆಟಾಲ್ ಅದಕ್ಕೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದೆಂಬುದೂ ಆಗಲೇ ಗೊತ್ತಾಯಿತು. ಗೌಡರು ಇಡೀ ಸಂಜೆ ತಮ್ಮ ಕಿಸೆಯ ಗುಳಿಗೆಗಳ ಚೀಟಿಯನ್ನು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡೇ ಕೂತರು.

ಕ್ರಮ ಹೀಗಿದೆ. ನೀರು ಹಾಕುವ ಮೊದಲೇ ಉಕ್ಕಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು, ಇಲ್ಲವಾದರೆ ನೆನೆದ ಸಿಕ್ಕು ಕಂಬಳಿಯಂತೆ ಗಟ್ಟಿಯಾಗುತ್ತದೆ. ಕೂದಲಿನ ಜಿಡ್ಡು ತೆಗೆದು, ಬೆಕ್ಕಿನದೇ ಶಾಂಪೂ ಹಚ್ಚಿ, ನೊರೆಯ ಗುರುತೂ ಉಳಿಯದ ಹಾಗೆ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಆಮೇಲೆ ಡ್ರೈಯರಿನ ಹದವಾದ ಗಾಳಿ ಬಿಡುತ್ತ, ಬುಡದಿಂದ ತುದಿಗೆ ಎಳೆ ಎಳೆಯಾಗಿ ಬಾಚುತ್ತ ಒಣಗಿಸಬೇಕು. ತಾನಾಗಿ ಒಣಗಲು ಬಿಟ್ಟರೆ ತುಪ್ಪಳ ಅರಳದೆ ಸುರುಳಿ ಸುತ್ತಿಕೊಳ್ಳುತ್ತದೆ. ಡ್ರೈಯರಿನ ಸದ್ದಿಗೆ ಬೆದರಬಾರದೆಂದು ವೈನಿಯವರು ಹದಿನೈದು ದಿನ ಮೊದಲೇ ಪಕ್ಕದ ಕೋಣೆಯಲ್ಲಿ ಅದನ್ನು ಚಾಲೂ ಮಾಡಿ, ಇತ್ತ ಪೇಡಾಳಿಗೆ ಬೇಯಿಸಿದ ಕೋಳಿಯ ಎಳೆಗಳನ್ನು ತಿನ್ನಿಸಿ ರೂಢಿ ಮಾಡಿದ್ದರು. ಸೋಮವಾರ ಮಾತ್ರ ಆ ಮನೆಯಲ್ಲಿ ಕೋಳಿ ಇಲ್ಲದ್ದರಿಂದ ಅಂದು ಡ್ರೈಯರಿಗೂ ರಜೆ.

ನೆನೆದ ಪರ್ಷಿಯನ್ ಬೆಕ್ಕನ್ನು ನೀವು ನೋಡಿರಲಿಕ್ಕಿಲ್ಲ. ಬಕೀಟಿನಿಂದ ಎತ್ತಿದಾಗ ವೈನಿಯವರ ಕೈಯಲ್ಲಿದ್ದದ್ದು ತೆಳ್ಳನೆಯ ಕತ್ತು, ಬಳ್ಳಿಯಂಥ ಬಾಲ, ಎರಡು ತಾಮ್ರದ ಕಣ್ಣುಗಳು, ಅಷ್ಟೇ. "ಮಾಲು ಎಲ್ಲಿ ಹೋಯಿತು?" ಎಂದು ಗೌಡರು ಬಕೀಟಿನೊಳಗೆ ಇಣುಕಿದರು. ನಾನು ಡ್ರೈಯರ್ ಹಿಡಿದೆ, ವೈನಿಯವರು ಬಾಚಿದರು. ಮುಕ್ಕಾಲು ತಾಸಿನಲ್ಲಿ ಎಡಗಡೆ ಅರಳಿ ಹತ್ತಿಯ ಮೂಟೆಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಅದು ತಿರುಗಿ ಬರುವವರೆಗೆ ಪೇಡಾ ಪಡಸಾಲೆಯ ತುಂಬ ಓಡಾಡಿದಳು: ಎಡಗಡೆಯಿಂದ ನೋಡಿದವರಿಗೆ ಸಿಂಹಿಣಿ, ಬಲಗಡೆಯಿಂದ ನೋಡಿದವರಿಗೆ ಇಲಿ. ಅರ್ಧನಾರೀಶ್ವರನಿಗೂ ಇಷ್ಟು ವ್ಯತ್ಯಾಸವಿಲ್ಲವೆಂದು ಮಾಸ್ತರರು ಗಂಭೀರವಾಗಿ ಹೇಳಿದರು.

ಪ್ರದರ್ಶನದ ಪಂಜರಕ್ಕೆ ಒಳಗಿನಿಂದ ಪರದೆ ಕಟ್ಟಬೇಕು. ಪಕ್ಕದ ಬೆಕ್ಕು ಕಾಣದಿದ್ದರೆ ಇದು ನಿಶ್ಚಿಂತೆಯಿಂದ ಮಲಗುತ್ತದೆ. ವಕೀಲರು ಮಖಮಲ್ಲು ತರಲು ಹೊರಟಿದ್ದರು. ವೈನಿಯವರು ಅವರನ್ನು ಕೂರಿಸಿ, ಪೆಟ್ಟಿಗೆಯಿಂದ ಗುಳೇದಗುಡ್ಡದ ಹಸಿರು ಖಣ ತೆಗೆದು ಪರದೆ ಹೊಲಿದರು, ಕೆಳಗೆ ಹಾಸಲು ಹಳೆಯ ಕೌದಿಯನ್ನು ಅಳತೆಗೆ ಕತ್ತರಿಸಿದರು. ಪಯಣದ ಬುಟ್ಟಿಯನ್ನು ಮೂರು ವಾರ ಮೊದಲೇ ಬಾಗಿಲು ತೆರೆದು ಪಡಸಾಲೆಯಲ್ಲಿಟ್ಟು, ಅದರೊಳಗೇ ಊಟ ಬಡಿಸುತ್ತಿದ್ದುದರಿಂದ ಪೇಡಾಳಿಗೆ ಅದು ದವಾಖಾನೆಯ ದಾರಿ ಎಂಬ ಸಂಶಯ ಹೋಗಿತ್ತು. ರೈಲಿನಲ್ಲಿ ಹೋಗುವ ವಿಚಾರವನ್ನು ಗೌಡರು ಒಂದೇ ಮಾತಿಗೆ ಕೈಬಿಡಿಸಿದರು: ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದವಿದೆ, ನಮ್ಮ ಬೋಗಿ ಆ ತುದಿಗೆ ನಿಂತರೆ ಬುಟ್ಟಿ ಹೊರುವವರು ಯಾರು? ಕಾರೇ ನಿಶ್ಚಯವಾಯಿತು; ತಂಪು ಹೊತ್ತಿನಲ್ಲಿ ಪಯಣ, ಹೊರಡುವ ನಾಲ್ಕೈದು ತಾಸು ಮೊದಲು ಊಟ ಬಂದ್.

ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಅಪರಿಚಿತರ ಕೈಯಲ್ಲಿ ಸುಮ್ಮನಿರುವುದು. ಪೇಡಾಳಂತೆ ನಾಲ್ಕರಿಂದ ಎಂಟು ತಿಂಗಳೊಳಗಿನ ಮರಿಗಳಿಗೆ ಬೇರೆಯೇ ವರ್ಗವಿದ್ದರೂ, ಪರೀಕ್ಷಕರು ಅವನ್ನೂ ದೊಡ್ಡವುಗಳ ಹಾಗೆಯೇ ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ತಲೆಬುರುಡೆ ಸವರಿ, ಬಾಲ ಅಳೆದು, ಗರಿ ಆಡಿಸಿ ನೋಡುತ್ತಾರೆ. ನಮ್ಮಲ್ಲಿ ಪರೀಕ್ಷಕರ ಪಾತ್ರ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಮಾಸ್ತರರು ಆಗಲೇ ಕೈತೊಳೆದುಕೊಂಡು ನಿಂತಿದ್ದರು. ಮೇಜಿನ ಬದಲು ಕೇರಂ ಬೋರ್ಡನ್ನು ಸ್ಟೂಲಿನ ಮೇಲಿಟ್ಟದ್ದು ವಕೀಲರ ಬುದ್ಧಿವಂತಿಕೆ. ಅದರ ಮೇಲೆ ಹಿಂದಿನ ವಾರದ ಆಟದ ಪೌಡರು ಉಳಿದಿತ್ತು. ಪೇಡಾ ನಾಲ್ಕೂ ಕಾಲು ಊರಿದಳು, ಸ್ಟ್ರೈಕರಿನಂತೆ ನೇರವಾಗಿ ಜಾರಿ ಮೂಲೆಗೆ ಹೋಗಿ ಕುಳಿಯ ಬಳಿ ನಿಂತಳು. "ರೆಡ್ ಬಿತ್ತು!" ಎಂದು ಗೌಡರು ಕೂಗಿದರು. ಅದು ಬೋರಿಕ್ ಪೌಡರು, ನೆಕ್ಕಿದರೆ ಕೆಡುಕೆಂದು ವೈನಿಯವರು ಪಂಜಗಳನ್ನು ತೊಳೆದು, ಬೋರ್ಡು ತೆಗೆಸಿ ಚಾಪೆ ಹಾಸಿದ ಮೇಜನ್ನು ತರಿಸಿದರು. ಆಮೇಲೆ ದಿನಕ್ಕೊಬ್ಬರಂತೆ ಹಾಲಿನವನು, ಪೋಸ್ಟಿನವನು, ವಕೀಲರ ಕಕ್ಷಿದಾರರು ಎಲ್ಲರೂ ಒಳಗೆ ಬಂದವರು ಮೊದಲು ಬೆಕ್ಕನ್ನು ಎತ್ತಿ ಆಮೇಲೆ ತಮ್ಮ ಕೆಲಸ ಹೇಳಬೇಕೆಂಬ ನಿಯಮವಾಯಿತು.

ಹೊರಡುವ ಹಿಂದಿನ ದಿನ ಉಗುರು. ಕೆಂಪಗೆ ಕಾಣುವ ರಕ್ತನಾಳವನ್ನು ಬಿಟ್ಟು ಬಿಳಿಯ ತುದಿಯನ್ನಷ್ಟೇ ಕತ್ತರಿಸಬೇಕು. ಎಷ್ಟು ಉಗುರುಗಳೆಂಬುದೇ ಮೊದಲ ವಿವಾದ: ಗೌಡರು ಇಪ್ಪತ್ತೆಂದರು, ವಕೀಲರು ಹದಿನಾರೆಂದರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು, ಮಹಾಭಾರತದ ಪರ್ವಗಳಷ್ಟು ಎಂದು ಮಾಸ್ತರರು ತೀರ್ಪು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವಕೀಲರು ಟವೆಲ್ಲಿನಲ್ಲಿ ಸುತ್ತಿ ಹಿಡಿದರು, ವೈನಿಯವರು ಕತ್ತರಿಸಿದರು, ತುಣುಕುಗಳು ಹಾಸಿದ ಪತ್ರಿಕೆಯ ಮೇಲೆ ಬಿದ್ದವು. ಎಣಿಸಿದರೆ ಹದಿನೇಳು. ಒಬ್ಬೊಬ್ಬರಾಗಿ ನಾಲ್ವರೂ ಎಣಿಸಿದೆವು. ಗಾಂಪರ ಗುಂಪಿನ ಲೆಕ್ಕವೇ ಆಯಿತು. ಒಂದು ತುಣುಕು ಫ್ಯಾನಿನ ಗಾಳಿಗೆ ಹಾರಿತೆಂದು ವಕೀಲರು ವಾದಿಸಿದರು. ಡಿಸೆಂಬರ್ ಚಳಿಯಲ್ಲಿ ಫ್ಯಾನೇ ತಿರುಗಿರಲಿಲ್ಲವೆಂದು ಮಾಸ್ತರರು ಸಾಕ್ಷಿ ನುಡಿದರು. ಅಷ್ಟರಲ್ಲಿ ಪೇಡಾ ಕಪಾಟಿನ ಕೆಳಗೆ ಸೇರಿದ್ದಳು.

ಕತ್ತಲಾದ ಮೇಲೆ ಕೊನೆಯ ತಾಲೀಮು. ಉಣ್ಣೆಯ ಸ್ವೆಟರ್ ತೊಟ್ಟ ಮಾಸ್ತರರು ಪೇಡಾಳನ್ನು ಎರಡೂ ಕೈಗಳಿಂದ ಎತ್ತಿ ಮೇಜಿಗೆ ತಂದರು, ತಲೆಗೆ ಮೂವತ್ತಕ್ಕೆ ಇಪ್ಪತ್ತಾರು ಎಂದು ಘೋಷಿಸಿದರು, ಗೌಡರ ಹೊಲದಲ್ಲಿ ಬಿದ್ದಿದ್ದ ನವಿಲುಗರಿಯನ್ನು ಆಡಿಸಿದರು. ಅವಳು ಒಮ್ಮೆ ಹಿಂಗಾಲ ಮೇಲೆ ನಿಂತು ಬಲಗೈ ಬೀಸಿದಳು. ಗರಿ ತಪ್ಪಿತು, ಕೈ ಮಾಸ್ತರರ ತೋಳಿಗೆ ಸಿಕ್ಕಿಕೊಂಡಿತು. ಎಳೆದರೂ ಬರಲೊಲ್ಲದು. ಮುಂಗಾಲಿನ ಒಳಬದಿಗೆ, ನೆಲಕ್ಕೆ ತಾಗದಷ್ಟು ಮೇಲೆ, ಹೆಬ್ಬೆರಳಿನ ಒಂದು ಉಗುರು ತುಪ್ಪಳದಲ್ಲಿ ಅಡಗಿರುತ್ತದೆ. ಸ್ವೆಟರಿನ ಒಂದು ಎಳೆ ಗೇಣುದ್ದ ಹೊರಗೆ ಬಂದಿತ್ತು.

ಮಾಸ್ತರರು ತೋಳನ್ನು ಅಲ್ಲಾಡಿಸಲಿಲ್ಲ. "ವೈನೀ, ಕತ್ತರಿ ತರ್ರಿ," ಎಂದರು. ವೈನಿಯವರು ಬಂದು ತುಪ್ಪಳ ಸರಿಸಿ ಕಟಕ್ಕೆಂದು ಕತ್ತರಿಸಿದರು. ಮಾಸ್ತರರು ಎಡಗೈಯಿಂದಲೇ ನೋಟ್‌ಬುಕ್ಕು ತೆರೆದು ಹದಿನೇಳನ್ನು ಹೊಡೆದುಹಾಕಿ, ಮಗ್ಗುಲಲ್ಲಿ ಹದಿನೆಂಟು ಎಂದು ಬರೆದರು.