ಪದ್ಮಿನಿ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಪದೇ ಪದೇ ಸೋರುತ್ತಿದೆ, ಅನುಭವ ಇದ್ದವರು ತಿಳಿಸಿ

ಬಾಗಲಕೋಟೆಯಿಂದ: ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ ನನ್ನ ಬಳಿ ಇದೆ. ಹಿಂಬದಿ ಕುಸಿದಿದೆ ಎಂದು ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಬಡಿಸಿ ಬಾಗು ಹೆಚ್ಚಿಸಿ, ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದೆ. ಅಲ್ಲಿಂದ ಒಂದೇ ವರ್ಷದಲ್ಲಿ ಎರಡು ಜೊತೆ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಹಾಳಾದವು. ರಸ್ತೆ ಉಬ್ಬು ಇಳಿಯುವಾಗ ‘ಠಕ್’ ಎನ್ನುತ್ತದೆ. ಯಾವ ಕಂಪನಿಯದು ಹಾಕಿಸಲಿ?

ಬೆಳಗಾವಿಯಿಂದ: ಸರ್, ಕಂಪನಿ ಬದಲಿಸುವ ಮೊದಲು ಅಳತೆ ನೋಡಿ. ನನ್ನ ಪದ್ಮಿನಿಗೂ ಹೀಗೇ ಆಗಿತ್ತು. ಪಟ್ಟಿಗೆ ಬಾಗು ಹೆಚ್ಚಾದರೆ ಗಾಡಿಯ ಮೈ ಮೇಲೇಳುತ್ತದೆ, ಆಕ್ಸಲ್ (ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ದಂಡ) ಕೆಳಗೇ ಉಳಿಯುತ್ತದೆ. ಚಕ್ರ ತಗ್ಗಿಗೆ ಇಳಿದಾಗ ಶಾಕ್ ಪೂರ್ತಿ ಹಿಗ್ಗಿ, ಒಳಗಿನ ಪಿಸ್ಟನ್ ಮೇಲ್ತುದಿಗೆ ಬಡಿಯುತ್ತದೆ. ಎಣ್ಣೆ ತಡೆಯುವ ಸೀಲ್ ಎಷ್ಟು ದಿನ ತಾಳೀತು? ಸದ್ದು ಇಳಿಯುವಾಗ ಬರುತ್ತದೆ ಎಂದಿದ್ದೀರಲ್ಲ, ಗುರುತು ಅದೇ.

ಗಾಡಿಯ ಮೈಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಶಾಕ್‌ಗಳನ್ನು ಬಿಚ್ಚಿ, ಆಕ್ಸಲ್ಲನ್ನು ಜಾಕ್ ಮೇಲೆ ನಿಧಾನವಾಗಿ ಇಳಿಸಿ. ಬ್ರೇಕ್‌ನ ರಬ್ಬರ್ ಪೈಪ್ ಜಗ್ಗದಂತೆ ಕಣ್ಣಿಟ್ಟಿರಿ. ಆಕ್ಸಲ್ ಜೋತು ನಿಂತಾಗ ಶಾಕ್ ಕೂರುವ ಮೇಲಿನ ಜಾಗದಿಂದ ಕೆಳಗಿನ ಜಾಗಕ್ಕೆ ಅಳೆಯಿರಿ. ಶಾಕ್‌ನ ಹಿಗ್ಗಿದ ಉದ್ದ ಅದಕ್ಕಿಂತ ಹೆಚ್ಚಿರಬೇಕು. ನನ್ನದು ಒಂದು ಬೆರಳಗಲ ಗಿಡ್ಡವಿತ್ತು. ಉದ್ದನೆಯ ಶಾಕ್ ತಂದು ಹಾಕಿದರೂ ಸಾಲದು: ಕುಗ್ಗಿದಾಗ ಅದು ತಳ ಕಚ್ಚುವ ಮೊದಲೇ ಆಕ್ಸಲ್ ಮೇಲಿನ ತಡೆ ರಬ್ಬರಿಗೆ ತಾಗಬೇಕು. ಎರಡೂ ಕೊನೆಯಲ್ಲಿ ಚಕ್ರವನ್ನು ತಡೆಯುವುದು ಶಾಕ್‌ನ ಕೆಲಸವಲ್ಲ.

ಆಕ್ಸಲ್ ಏರುವ ಮೇಲಿನ ತುದಿಯನ್ನು ನಾನು ಪರೀಕ್ಷಿಸಿದ್ದು ಹೋಳಿಗೆಯ ಕಣಕದಿಂದ. ಒಂದು ಉಂಡೆಯನ್ನು ತಡೆ ರಬ್ಬರಿಗೆ ಅಂಟಿಸಿ, ನಾಲ್ಕು ಜನರನ್ನು ಕೂರಿಸಿಕೊಂಡು ಖಾನಾಪುರ ರಸ್ತೆಯಲ್ಲಿ ಹೋಗಿ ಬಂದೆ. ಉಂಡೆಯ ಮೇಲೆ ನನ್ನ ಬೆರಳ ಗುರುತು ಹಾಗೆಯೇ ಇತ್ತು. ಅಂದರೆ ಬಡಿತವೆಲ್ಲ ಆಕ್ಸಲ್ ಇಳಿಯುವ ಕೆಳತುದಿಯಲ್ಲೇ. ಹೆಚ್ಚುವರಿ ಪಟ್ಟಿ ತೆಗೆಸಿ, ಬಾಗನ್ನು ಹಳೆಯ ಅಳತೆಗೆ ತಂದೆ. ಆಮೇಲೆ ಹಾಕಿದ ಜೊತೆ ಮೂರು ಮಳೆಗಾಲ ಕಳೆದರೂ ಒಣಗಿಯೇ ಇದೆ.

ವಿಜಯಪುರದಿಂದ: ಮೇಲಿನವರು ಹೇಳಿದ್ದು ಸರಿ. ನನ್ನದು ಅಂಬಾಸಿಡರ್. ಮುಂದೆ ಸುರುಳಿ ಸ್ಪ್ರಿಂಗ್ ಇಲ್ಲ, ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇದೆ. ಅದನ್ನು ತಿರುವಿ ಎತ್ತರ ಹೆಚ್ಚಿಸಬಹುದು. ಹಾಗೆ ಹೆಚ್ಚಿಸಿದ್ದಕ್ಕೇ ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ರಸ್ತೆಯ ಪ್ರತಿ ತಗ್ಗಿನಲ್ಲೂ ಬಡಿತ ಶುರುವಾಯಿತು. ಇಳಿಸಿದೆ, ನಿಂತಿತು. ಇನ್ನೊಂದು ಮಾತು: ರಬ್ಬರ್ ಬುಷ್‌ಗಳ (ಕೀಲುಗಳಲ್ಲಿ ಕೂರುವ ರಬ್ಬರ್ ಕೊಳವೆಗಳು) ಬೋಲ್ಟನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿಸಿ. ಜೋತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.